ಸ್ವಿಟ್ಜರ್ಲೆಂಡಿನ ಬೆಟ್ಟದಲ್ಲಿ ಪರದೇಶಿಯ ಬಂದೂಕು, ಪರದೇಶಿಯ ಗಾಳ



ಸ್ವಿಟ್ಜರ್ಲೆಂಡ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಹಿಮದ ಬೆಟ್ಟ, ಕೈಗಡಿಯಾರ, ಚಾಕಲೇಟು, ಕೊರಳಿಗೆ ದೊಡ್ಡ ಗಂಟೆ ಕಟ್ಟಿಕೊಂಡು ಹುಲ್ಲು ಮೇಯುವ ಹಸು. ಇವುಗಳ ನಡುವೆ ಶಿಫಾನ್ ಸೀರೆಯುಟ್ಟು ಹಾಡುವ ಹಿಂದೀ ಚಿತ್ರದ ನಾಯಕಿ. ಆ ಹಾಡುಗಳಲ್ಲಿ ಹಿನ್ನೆಲೆಯಾಗಿ ನಿಲ್ಲುವ ಬೆಟ್ಟಗಳಲ್ಲೇ ಸೆಪ್ಟೆಂಬರ್ ತಿಂಗಳು ಬಂತೆಂದರೆ ಬೆಳಗಿನ ಜಾವಕ್ಕೆ ಬಂದೂಕಿನ ಸದ್ದು ಕೇಳಿಸುತ್ತದೆ. ಕಳ್ಳಬೇಟೆಯಲ್ಲ, ಕಾಯಿದೆಯ ಪ್ರಕಾರವೇ ನಡೆಯುವ ಬೇಟೆ. ಆ ದೇಶದಲ್ಲಿ ಪರವಾನಗಿ ಪಡೆದ ಬೇಟೆಗಾರರು ಸುಮಾರು 30 ಸಾವಿರ ಮಂದಿ ಇದ್ದಾರೆ. ಅವರಲ್ಲಿ ರೈತರು, ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರು ಎಲ್ಲರೂ ಸೇರಿದ್ದಾರೆ. ಹೆಂಗಸರೂ ಇದ್ದಾರೆ.

ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೋಜಿನ ಬೇಟೆ ಮುಗಿದುಹೋದ ಅಧ್ಯಾಯ. ಬೇಟೆ ಎಂದರೆ ನಮಗೆ ಅರಮನೆಯ ಗೋಡೆಗೆ ನೇತುಹಾಕಿದ ಹುಲಿಯ ತಲೆ, ಇಲ್ಲವೇ ಪೊಲೀಸ್ ಠಾಣೆಯ ಮೊಕದ್ದಮೆ. ಹಾಗಿರುವಾಗ ಪ್ರಕೃತಿಯನ್ನು ಇಷ್ಟು ಚೊಕ್ಕವಾಗಿ ಇಟ್ಟುಕೊಂಡಿರುವ ದೇಶ ಬೇಟೆಗೆ ಹೇಗೆ ಒಪ್ಪಿತು? ಒಪ್ಪಿದ ಮೇಲೆ, ಹೊರಗಿನಿಂದ ಬಂದವನು ಕೈಯಲ್ಲಿ ಹಣ ಹಿಡಿದು, 'ನನಗೂ ಒಂದು ಜಿಂಕೆ ಕೊಡಿ' ಎಂದರೆ ಅದು ಏನು ಹೇಳುತ್ತದೆ? ಈ ದಿನ ನಿಮ್ಮೊಡನೆ ಈ ವಿಷಯವನ್ನೇ ಮಾತನಾಡಬೇಕೆಂದಿದ್ದೇನೆ.

ಮೊದಲು ಒಂದು ಪ್ರಶ್ನೆ. ಕಾಡಿನಲ್ಲಿ ಓಡುತ್ತಿರುವ ಜಿಂಕೆ ಯಾರದು? ನಗಬೇಡಿ, ಯೂರೋಪಿನ ಕಾಯಿದೆ ಪಂಡಿತರು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡ ಪ್ರಶ್ನೆ ಇದು. ರೋಮನ್ನರ ಕಾಲದಿಂದ ಬಂದ ಉತ್ತರ, 'ಯಾರದೂ ಅಲ್ಲ' ಎಂಬುದು. ಬದುಕಿರುವ ಕಾಡುಪ್ರಾಣಿಗೆ ಒಡೆಯನಿಲ್ಲ. ಆದರೆ ಅದನ್ನು ಹಿಡಿಯುವ ಹಕ್ಕಿಗೆ ಒಡೆಯನಿದ್ದಾನೆ. ಒಂದು ಕಾಲಕ್ಕೆ ಆ ಹಕ್ಕು ರಾಜನದು, ಪಾಳೆಯಗಾರನದು, ಮಠಾಧಿಪತಿಯದು ಆಗಿತ್ತು. ರೈತ ತನ್ನ ಹೊಲದ ಪೈರನ್ನು ಮೇಯುತ್ತಿದ್ದ ಜಿಂಕೆಯನ್ನು ಹೊಡೆದರೂ ಅದು ಒಡೆಯನ ವಿರುದ್ಧ ಅಪರಾಧವೇ. ಸ್ವಿಟ್ಜರ್ಲೆಂಡಿನ ಪೂರ್ವ ತುದಿಯಲ್ಲಿರುವ ಗ್ರಾವ್‌ಬುಂಡನ್ ಪ್ರಾಂತದ ಹಳ್ಳಿಗರು 1526ರಷ್ಟು ಹಿಂದೆಯೇ ಈ ಹಕ್ಕನ್ನು ಒಡೆಯರ ಕೈಯಿಂದ ಕಿತ್ತುಕೊಂಡರು. ಇಲಾಂಟ್ಸ್ ಎಂಬ ಊರಿನಲ್ಲಿ ಬರೆದ ಒಪ್ಪಂದಗಳಲ್ಲಿ ಬೇಟೆ, ಮೀನುಗಾರಿಕೆ ಜನರ ಪಾಲಾಯಿತು. ಅಲ್ಲಿಯವರು ಇಂದಿಗೂ ಬೇಟೆಯನ್ನು 'ಜನರ ಹಕ್ಕು' ಎಂದು ಹೆಮ್ಮೆಯಿಂದ ಕರೆಯುವುದಕ್ಕೆ ಇದೇ ಕಾರಣ.

ಜನರ ಕೈಗೆ ಬಂದ ಹಕ್ಕು ಜನರ ಕೈಯಲ್ಲೇ ಹಾಳಾಯಿತು ಎಂಬುದನ್ನೂ ಹೇಳಿಬಿಡಬೇಕು. ಬಂದೂಕುಗಳು ಸುಧಾರಿಸಿದವು, ಕಾಡು ಕಡಿದರು, ಬಡತನವಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬರುವ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡ ಕೆಂಪು ಜಿಂಕೆ ಇಲ್ಲವಾಗಿತ್ತು. ಚಿಕ್ಕ ರೋ ಜಿಂಕೆ ಅಳಿವಿನ ಅಂಚಿನಲ್ಲಿತ್ತು. ಐಬೆಕ್ಸ್ ಎಂಬ ಕಾಡುಮೇಕೆಯಂತೂ ಆ ಶತಮಾನದ ಆರಂಭದಲ್ಲೇ ಮಾಯವಾಗಿತ್ತು. ಆಗ ಎಚ್ಚೆತ್ತ ಒಕ್ಕೂಟ ಸರ್ಕಾರ 1875ರಲ್ಲಿ ಮೊದಲ ಬೇಟೆ ಕಾಯಿದೆಯನ್ನು ತಂದಿತು. ಬೇಟೆ ನಿಷಿದ್ಧ ಪ್ರದೇಶಗಳನ್ನು ಗುರುತಿಸಿತು, ಮರಿಯಿರುವ ತಾಯಿಗೆ ರಕ್ಷಣೆ ಕೊಟ್ಟಿತು. ಕೆಂಪು ಜಿಂಕೆಗಳು ಪಕ್ಕದ ಆಸ್ಟ್ರಿಯಾದಿಂದ ಗಡಿ ದಾಟಿ ತಾವಾಗಿಯೇ ಮರಳಿ ಬಂದವು. ಪಾಸ್‌ಪೋರ್ಟು ಕೇಳುವವರು ಯಾರೂ ಇರಲಿಲ್ಲವಲ್ಲ!

ಈಗ ಜಾರಿಯಲ್ಲಿರುವುದು 1986ರ ಒಕ್ಕೂಟ ಕಾಯಿದೆ, ಆಗಾಗ್ಗೆ ತಿದ್ದುಪಡಿಯಾಗಿದೆ. ಯಾವ ಪ್ರಾಣಿ ರಕ್ಷಿತ, ಯಾವ ತಿಂಗಳು ಬೇಟೆ ಸಲ್ಲದು ಎಂಬ ಕನಿಷ್ಠ ನಿಯಮಗಳನ್ನು ಅದು ಹೇಳುತ್ತದೆ. ಉದಾಹರಣೆಗೆ ಮಾರ್ಮಟ್. ಬಿಲದಲ್ಲಿ ವಾಸಿಸುವ, ಅಳಿಲಿನ ಕುಲಕ್ಕೆ ಸೇರಿದ, ಮೊಲಕ್ಕಿಂತ ದಪ್ಪನಾದ ಪ್ರಾಣಿ ಇದು. ಅಕ್ಟೋಬರ್ 16ರಿಂದ ಆಗಸ್ಟ್ 31ರವರೆಗೆ ಅದನ್ನು ಮುಟ್ಟುವಂತಿಲ್ಲ. ಉಳಿಯುವುದು ಆರೂವರೆ ವಾರ ಮಾತ್ರ. ಚಳಿಗಾಲದ ದೀರ್ಘನಿದ್ರೆಗೆ ಅದು ಇಳಿಯುವ ಮುಂಚಿನ ಸಮಯ ಅದು. ಒಕ್ಕೂಟ ಇಷ್ಟು ಹೇಳಿ ಮಿಕ್ಕದ್ದನ್ನು ಕ್ಯಾಂಟನ್‌ಗಳಿಗೆ ಬಿಟ್ಟಿದೆ. ಕ್ಯಾಂಟನ್ ಎಂದರೆ ನಮ್ಮ ರಾಜ್ಯದ ಹಾಗೆ. ಕರ್ನಾಟಕದ ಕಾಲುಭಾಗಕ್ಕಿಂತಲೂ ಚಿಕ್ಕದಾದ ಆ ದೇಶದಲ್ಲಿ ಕ್ಯಾಂಟನ್‌ಗಳು 26. ಬೇಟೆಯ ಹಕ್ಕು, ಮೀನು ಹಿಡಿಸುವ ಹಕ್ಕು ಇವುಗಳ ಕೈಯಲ್ಲಿದೆ. ಆದ್ದರಿಂದ 'ಸ್ವಿಟ್ಜರ್ಲೆಂಡಿನ ಬೇಟೆ ಪರವಾನಗಿ' ಎಂಬ ಕಾಗದವೇ ಇಲ್ಲ. ಒಂದು ಕಣಿವೆಯಲ್ಲಿ ಸಿಂಧುವಾದ ಚೀಟಿ ಬೆಟ್ಟದ ಆಚೆ ಬದಿಗೆ ರದ್ದಿ ಕಾಗದ.

ಹದಿನಾರು ಕ್ಯಾಂಟನ್‌ಗಳಲ್ಲಿ ಪರವಾನಗಿ ಪದ್ಧತಿ. ಪರೀಕ್ಷೆ ಪಾಸಾಗಿ, ವರ್ಷದ ಶುಲ್ಕ ಕಟ್ಟಿದರೆ ಇಡೀ ಕ್ಯಾಂಟನ್ನಿನಲ್ಲಿ ನಿಗದಿತ ದಿನಗಳಲ್ಲಿ ಬೇಟೆಯಾಡಬಹುದು. ಒಂಬತ್ತು ಕ್ಯಾಂಟನ್‌ಗಳಲ್ಲಿ ಗುತ್ತಿಗೆ ಪದ್ಧತಿ. ಕಾಡನ್ನು ತುಂಡುತುಂಡಾಗಿ ವಿಂಗಡಿಸಿ ಬೇಟೆಗಾರರ ಸಂಘಗಳಿಗೆ ಕೆಲವು ವರ್ಷಗಳ ಗುತ್ತಿಗೆ ಕೊಡುತ್ತಾರೆ. ಆ ತುಂಡಿನ ಪ್ರಾಣಿಗಳ ಹೊಣೆಯೂ ಅವರದೇ. ಉಳಿದ ಒಂದು ಜಿನೀವಾ. ಅಲ್ಲಿಯ ಮತದಾರರು 1974ರಲ್ಲಿ ಮತ ಹಾಕಿ ಬೇಟೆಯನ್ನೇ ನಿಲ್ಲಿಸಿಬಿಟ್ಟರು. ಆದರೆ ಕಾಡುಹಂದಿಗೆ ಮತದಾನದ ಫಲಿತಾಂಶ ತಿಳಿಯುವುದಿಲ್ಲ. ದ್ರಾಕ್ಷಿತೋಟಕ್ಕೆ ನುಗ್ಗುವ ಹಂದಿಗಳನ್ನು ಅಲ್ಲಿ ಸಂಬಳದ ಸರ್ಕಾರಿ ಕಾವಲುಗಾರರು ಹೊಡೆಯುತ್ತಾರೆ. ಇದೇ ಬಗೆಯ ಪ್ರಸ್ತಾಪ ಜ್ಯೂರಿಕ್ ಕ್ಯಾಂಟನ್ನಿನಲ್ಲಿ 2018ರಲ್ಲಿ ಮತಕ್ಕೆ ಬಂದಾಗ ಅಲ್ಲಿಯವರು ಭಾರೀ ಬಹುಮತದಿಂದ ಬೇಡವೆಂದರು.

ಗ್ರಾವ್‌ಬುಂಡನ್ನಿನ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪರದೇಶಿಗೆ ಎದುರಾಗುವ ಗೋಡೆ ಯಾವುದೆಂದು ಅದರಿಂದ ಗೊತ್ತಾಗುತ್ತದೆ. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಸೆಪ್ಟೆಂಬರಿನ ದೊಡ್ಡ ಬೇಟೆಗೆ ಹೊರಡುತ್ತಾರೆ. ಬೇಟೆಗಾರನಾಗಬೇಕೆಂದರೆ ಬಂದೂಕು ಹಿಡಿಯುವುದಕ್ಕಿಂತ ಮೊದಲು 50 ಗಂಟೆಗಳ ಶ್ರಮದಾನ ಮಾಡಬೇಕು. ಏನು ಕೆಲಸ? ಪೊದೆ ಬೆಳೆದು ಮುಚ್ಚಿಹೋದ ಹುಲ್ಲುಗಾವಲನ್ನು ಸವರುವುದು, ಕಾಡಂಚಿನಲ್ಲಿ ಗಿಡ ನೆಡುವುದು, ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕಿ ಸಾಯಬಹುದಾದ ಜಿಂಕೆ ಮರಿಗಳನ್ನು ಮುಂಜಾನೆಯೇ ಹುಡುಕಿ ಎತ್ತಿಡುವುದು, ಇಂಥವು. ಅಪಾಯ ಬಂದರೆ ಓಡದೆ ಹುಲ್ಲಿನಲ್ಲಿ ಮುದುರಿ ಕೂರುವುದು ರೋ ಜಿಂಕೆ ಮರಿಯ ಸ್ವಭಾವ. ನರಿಯಿಂದ ಕಾಪಾಡುವ ಈ ಉಪಾಯವೇ ಯಂತ್ರದ ಮುಂದೆ ಅದರ ಸಾವಿಗೆ ಕಾರಣ. ಈಚೆಗೆ ಮೈಯ ಶಾಖವನ್ನು ಗುರುತಿಸುವ ಕ್ಯಾಮೆರಾ ಕಟ್ಟಿದ ಡ್ರೋನ್‌ಗಳನ್ನು ಹಾರಿಸಿ ಮರಿಗಳನ್ನು ಹುಡುಕುತ್ತಾರೆ.

ಆಮೇಲೆ ಪರೀಕ್ಷೆ. ಒಂದು ಗುರಿಯ ಪರೀಕ್ಷೆ, ಇನ್ನೊಂದು ಜ್ಞಾನದ್ದು. ಪ್ರಾಣಿಯ ವಯಸ್ಸು, ಲಿಂಗ, ರೋಗ, ಆಹಾರ, ಗಿಡಮರ, ಕಾಯಿದೆ ಎಲ್ಲವನ್ನೂ ಕೇಳುತ್ತಾರೆ. ನಾನು ವಿಜ್ಞಾನ ಪದವಿಗೆ ಓದಿದ ಪ್ರಾಣಿಶಾಸ್ತ್ರಕ್ಕಿಂತ ಇದು ಕಡಿಮೆಯೇನಿಲ್ಲ. ನಮಗೆ ಪಾಸಾಗುವುದಕ್ಕೆ ಮೂವತ್ತೈದು ಅಂಕ ಸಾಕಿತ್ತು. ಇಲ್ಲಿ ಒಂದು ತಪ್ಪು ಉತ್ತರಕ್ಕೆ ಒಂದು ಜೀವದ ಬೆಲೆ. ನೂರಾರು ಅಡಿ ದೂರದಲ್ಲಿ, ಅರೆಬೆಳಕಿನಲ್ಲಿ ನಿಂತಿರುವ ಹೆಣ್ಣು ಜಿಂಕೆಯ ಕೆಚ್ಚಲಲ್ಲಿ ಹಾಲಿದೆಯೆ, ಪಕ್ಕದ ಪೊದೆಯಲ್ಲಿ ಮರಿಯಿದೆಯೆ ಎಂಬುದನ್ನು ಗುಂಡು ಹಾರಿಸುವ ಮೊದಲು ನಿರ್ಧರಿಸಬೇಕು. ತಪ್ಪಿದರೆ? ಬೇಟೆಗಾರ ತಾನಾಗಿಯೇ ಕಾವಲುಗಾರನ ಬಳಿ ಹೋಗಿ, 'ನಾನು ಹೊಡೆಯಬಾರದ ಪ್ರಾಣಿಯನ್ನು ಹೊಡೆದೆ' ಎಂದು ಒಪ್ಪಿಕೊಳ್ಳಬೇಕು. ಪ್ರಾಣಿಯನ್ನು ಒಪ್ಪಿಸಬೇಕು, ದಂಡ ತೆರಬೇಕು. ತಾನೇ ಬಂದು ಹೇಳಿದವನಿಗೆ ದಂಡ ಹಗುರ. ಮುಚ್ಚಿಟ್ಟು ಸಿಕ್ಕಿಬಿದ್ದವನಿಗೆ ಬೇರೆಯೇ ಲೆಕ್ಕ. ಉದ್ದೇಶಪೂರ್ವಕವಾದ ಅಪರಾಧಕ್ಕೆ ಒಕ್ಕೂಟ ಕಾಯಿದೆಯಲ್ಲಿ ಒಂದು ವರ್ಷದವರೆಗೆ ಸೆರೆವಾಸ ಉಂಟು. ಗಂಭೀರ ಪ್ರಕರಣಗಳಲ್ಲಿ ನ್ಯಾಯಾಧೀಶರು ಬೇಟೆಯ ಹಕ್ಕನ್ನು ಹತ್ತು ವರ್ಷದವರೆಗೂ ಕಿತ್ತುಕೊಳ್ಳಬಹುದು.

ಇದೆಲ್ಲ ಯಾತಕ್ಕೆ? ಲೆಕ್ಕಕ್ಕಾಗಿ. ವಸಂತದ ರಾತ್ರಿಗಳಲ್ಲಿ ಕಾವಲುಗಾರರು ದೊಡ್ಡ ದೀಪ ಹಿಡಿದು ಕಣಿವೆಕಣಿವೆಯ ಕೆಂಪು ಜಿಂಕೆಗಳನ್ನು ಎಣಿಸುತ್ತಾರೆ. ಎಷ್ಟು ಗಂಡು, ಎಷ್ಟು ಹೆಣ್ಣು, ಎಷ್ಟು ಮರಿ ಕಡಿಮೆಯಾದರೆ ಚಿಗುರುವ ಸಸಿಗಳೂ ಉಳಿದಾವು, ಚಳಿಗಾಲದಲ್ಲಿ ಹಸಿವಿನಿಂದ ಸಾಯುವ ಜಿಂಕೆಗಳೂ ಕಡಿಮೆಯಾದಾವು ಎಂದು ಲೆಕ್ಕ ಹಾಕಿ ಆ ವರ್ಷದ ಸಂಖ್ಯೆ ಗೊತ್ತುಮಾಡುತ್ತಾರೆ. ಸೆಪ್ಟೆಂಬರಿನಲ್ಲಿ ಆ ಸಂಖ್ಯೆ ಮುಟ್ಟದಿದ್ದರೆ ನವೆಂಬರ್, ಡಿಸೆಂಬರಿನಲ್ಲಿ ಮತ್ತೆ ವಿಶೇಷ ಬೇಟೆ. ಅಲ್ಲಿ ಬೇಟೆಗಾರ ಒಂದು ರೀತಿಯಲ್ಲಿ ಸಂಬಳವಿಲ್ಲದ ನೌಕರ. ಸಂಬಳವಿಲ್ಲದ್ದು ಮಾತ್ರವಲ್ಲ, ಕೆಲಸ ಮಾಡುವುದಕ್ಕೆ ಅವನೇ ಶುಲ್ಕವನ್ನೂ ಕಟ್ಟಬೇಕು! ನಾನು ಬೇಟೆ ಪಾಪವೆನ್ನುವ ಮನೆಯಲ್ಲಿ ಬೆಳೆದವನು. ಈ ಪದ್ಧತಿಯನ್ನು ಓದಿ ತಿಳಿದ ಮೇಲೂ ಬಂದೂಕು ಹಿಡಿಯುವ ಆಸೆಯೇನೂ ನನಗೆ ಹುಟ್ಟಲಿಲ್ಲ. ಆದರೆ ಬೇಟೆಗಾರ ಎಂದರೆ ಕಾಡಿನ ಶತ್ರು ಎಂದು ಮಾತ್ರ ತಿಳಿದಿದ್ದುದು ಸ್ವಲ್ಪ ಸಡಿಲವಾಯಿತು.

ಈಗ ಪರದೇಶಿಯ ಸರದಿ. ಅವರಲ್ಲಿ ಎರಡು ಬಗೆ. ಅಲ್ಲೇ ನೆಲೆಸಿ ಉದ್ಯೋಗ ಮಾಡುವವರು ಒಂದು. ಜ್ಯೂರಿಕ್, ಬಾಸೆಲ್‌ಗಳಲ್ಲಿ ಕಂಪ್ಯೂಟರ್, ಔಷಧಿ ಕಂಪನಿಗಳಲ್ಲಿ ದುಡಿಯುವ ನಮ್ಮ ಕನ್ನಡಿಗರೂ ಇದ್ದಾರಲ್ಲ, ಅಂಥವರು. ಇವರಿಗೆ ಬಾಗಿಲು ಮುಚ್ಚಿಲ್ಲ. ಅಲ್ಲಿಯ ಭಾಷೆಯಲ್ಲಿ ಅದೇ ಪರೀಕ್ಷೆ ಬರೆದು, ಅದೇ ಹುಲ್ಲುಗಾವಲು ಸವರಬೇಕು. ಇನ್ನೊಂದು ಬಗೆ, ನಾಲ್ಕು ದಿನ ಬಂದು ಹೋಗುವ ಅತಿಥಿ. ಅತಿಥಿ ಬೇಟೆಗಾರನಿಗೆ ಕೆಲವೇ ದಿನಗಳ ಪರವಾನಗಿ ಕೊಡುವ ಅವಕಾಶ ಕಾಯಿದೆಯಲ್ಲಿದೆ. ಕೊಡಲೇಬೇಕೆಂದಿಲ್ಲ, ಕೊಡಬಹುದು. ಗುತ್ತಿಗೆ ಪದ್ಧತಿಯ ಕ್ಯಾಂಟನ್ನಿನಲ್ಲಿ ಗುತ್ತಿಗೆದಾರರು ಆಹ್ವಾನಿಸಿದರೆ ಅತಿಥಿಗೆ ಹೆಚ್ಚು ಸುಲಭ. ಅವನು ತನ್ನ ದೇಶದಲ್ಲಿ ಬೇಟೆ ಪರೀಕ್ಷೆಯಲ್ಲಿ ತೇರ್ಗಡೆಯಾದ, ಆ ಕ್ಯಾಂಟನ್ ಮಾನ್ಯ ಮಾಡುವ ಪ್ರಮಾಣಪತ್ರ ತೋರಿಸಬೇಕು. ಇನ್ನೊಬ್ಬರಿಗೆ ಗುಂಡು ತಗುಲಿದರೆ ಪರಿಹಾರ ಕೊಡುವ ವಿಮೆ ಕಡ್ಡಾಯ. ಬಂದೂಕನ್ನು ಗಡಿ ದಾಟಿಸುವುದಕ್ಕೆ ಬೇರೆ ಕಾಗದಪತ್ರ. ಪರವಾನಗಿ ಪದ್ಧತಿಯ ಕ್ಯಾಂಟನ್‌ಗಳಲ್ಲಿ ಶುಲ್ಕದ ಪಟ್ಟಿಯೇ ಮೆಟ್ಟಿಲುಮೆಟ್ಟಿಲಾಗಿ ಇರುತ್ತದೆ. ಸ್ಥಳೀಯನಿಗೆ ಕಡಿಮೆ, ಬೇರೆ ಕ್ಯಾಂಟನ್ನಿನ ಸ್ವಿಸ್ ಪ್ರಜೆಗೆ ಹೆಚ್ಚು, ಹೊರದೇಶದಲ್ಲಿ ವಾಸಿಸುವವನಿಗೆ ಹಲವು ಪಟ್ಟು. ಪಕ್ಕದ ಕ್ಯಾಂಟನ್ನಿನವನೂ ಒಂದು ಮಟ್ಟಿಗೆ ಪರದೇಶಿಯೇ ಎಂಬುದನ್ನು ಗಮನಿಸಿ. ನಮ್ಮ ದೇಶದಲ್ಲಿ ಅಂಥ ಬೇಟೆ ಪರೀಕ್ಷೆಯೇ ಇಲ್ಲ. ಹಾಗಾಗಿ ಇಲ್ಲಿಂದ ಪ್ರವಾಸ ಹೋದ ಭಾರತೀಯನಿಗೆ ತೋರಿಸುವುದಕ್ಕೆ ಪ್ರಮಾಣಪತ್ರವೂ ಇಲ್ಲ.

ಹಣ ಕೊಟ್ಟರೆ ಸಾಕು ಎಂಬ ದಾರಿ ಒಂದು ಕಡೆ ಇತ್ತು. ಅದರ ಕತೆ ಹೇಳಲೇಬೇಕು, ಏಕೆಂದರೆ ಅದರಲ್ಲಿ ನಮ್ಮ ದೂರದರ್ಶನ ಮಾಧ್ಯಮಕ್ಕೂ ಒಂದು ಪಾತ್ರವಿದೆ.

ಐಬೆಕ್ಸ್ ಕಾಡುಮೇಕೆಯ ಹೆಸರು ಆಗಲೇ ಬಂತು. ಕಡಿದಾದ ಬಂಡೆಯ ಮೇಲೆ ಗೋಡೆಗೆ ಅಂಟಿದ ಹಲ್ಲಿಯಂತೆ ನಿಲ್ಲಬಲ್ಲ ಪ್ರಾಣಿ. ಗಂಡಿನ ಕೊಂಬು ಹಿಂದಕ್ಕೆ ಬಾಗಿ ಒಂದು ಮೀಟರಿನಷ್ಟು ಉದ್ದ ಬೆಳೆಯುವುದುಂಟು. ಚಳಿಗಾಲದಲ್ಲಿ ಕೊಂಬಿನ ಬೆಳವಣಿಗೆ ನಿಲ್ಲುವುದರಿಂದ ವರ್ಷಕ್ಕೊಂದು ಗೆರೆ ಮೂಡುತ್ತದೆ. ಮರದ ಉಂಗುರ ಎಣಿಸಿದ ಹಾಗೆ ಆ ಗೆರೆಗಳನ್ನೆಣಿಸಿ ವಯಸ್ಸು ಹೇಳಬಹುದು. ಹಿಂದಿನವರು ಈ ಮೇಕೆಯನ್ನು ನಡೆದಾಡುವ ಔಷಧಾಲಯ ಎಂದು ನಂಬಿದ್ದರು. ಕೊಂಬಿನ ಪುಡಿ, ರಕ್ತ, ಹೊಟ್ಟೆಯಲ್ಲಿ ಸಿಗುವ ಕೂದಲಿನ ಉಂಡೆ, ಹೃದಯದಲ್ಲಿರುವ ಎಲುಬಿನ ಚೂರು, ಎಲ್ಲಕ್ಕೂ ಒಂದೊಂದು ಕಾಯಿಲೆ ವಾಸಿಮಾಡುವ ಶಕ್ತಿಯನ್ನು ಆರೋಪಿಸಿದರು. ಫಲವಾಗಿ ಇಡೀ ಆಲ್ಪ್ಸ್ ಶ್ರೇಣಿಯಲ್ಲಿ ಅದು ಉಳಿದದ್ದು ಇಟಲಿಯ ಗ್ರಾನ್ ಪಾರಾದಿಸೊ ಬೆಟ್ಟಗಳಲ್ಲಿ ಮಾತ್ರ. ಅಲ್ಲಿಯೂ ಬೆರಳೆಣಿಕೆಯಷ್ಟು. 1821ರಲ್ಲಿ ಅಲ್ಲಿಯ ದೊರೆ ಅದರ ಬೇಟೆಯನ್ನು ನಿಷೇಧಿಸಿದ. 1856ರಲ್ಲಿ ಎರಡನೆಯ ವಿಕ್ಟರ್ ಎಮಾನ್ಯುಯಲ್ ದೊರೆ ಆ ಬೆಟ್ಟಗಳನ್ನು ತನ್ನ ಸ್ವಂತ ಬೇಟೆಗಾಗಿ ಮೀಸಲಿಟ್ಟ. ಬೇರೆಯವರು ಬಾರದಂತೆ ಕಾವಲು ಹಾಕಿದ. ದೊರೆಯ ಬೇಟೆಯ ಚಪಲವೇ ಒಂದು ಜೀವಜಾತಿಯನ್ನು ಉಳಿಸಿತು. ಇತಿಹಾಸ ನಾವು ಬಯಸಿದಂತೆ ಯಾವಾಗಲೂ ನಡೆಯುವುದಿಲ್ಲ ನೋಡಿ.

1875ರ ಸ್ವಿಸ್ ಕಾಯಿದೆಯಲ್ಲಿ ಕಾಡುಮೇಕೆಯನ್ನು ಮತ್ತೆ ನೆಲೆಗೊಳಿಸಬೇಕೆಂಬ ಮಾತೇನೋ ಇತ್ತು. ಆದರೆ ಮೇಕೆ ಎಲ್ಲಿಂದ ತರುವುದು? ಇಟಲಿಯ ದೊರೆ ಕೊಡಲೊಪ್ಪಲಿಲ್ಲ. ಕೊನೆಗೆ ಸ್ವಿಸ್ ಜನ ಹಿಡಿದ ದಾರಿ ಕಳ್ಳಸಾಗಣೆ! ಗ್ರಾನ್ ಪಾರಾದಿಸೊದ ಕಳ್ಳಬೇಟೆಗಾರರು ದೊರೆಯ ಮೀಸಲು ಬೆಟ್ಟದಿಂದ ಕದ್ದ ಮರಿಗಳು 1906ರಲ್ಲಿ ಗಡಿ ದಾಟಿ ಸಾಂಕ್ಟ್ ಗಾಲೆನ್ ಪಟ್ಟಣದ ಪ್ರಾಣಿವನವನ್ನು ಸೇರಿದವು. ಅಲ್ಲಿ ಸಾಕಿ, ವಂಶ ಬೆಳೆಸಿ, 1911ರಲ್ಲಿ ಮೊದಲ ಗುಂಪನ್ನು ಬೆಟ್ಟಕ್ಕೆ ಬಿಟ್ಟರು. ಇಂದು ಸ್ವಿಟ್ಜರ್ಲೆಂಡಿನಲ್ಲಿ 17 ಸಾವಿರಕ್ಕೂ ಹೆಚ್ಚು ಕಾಡುಮೇಕೆಗಳಿವೆ. ಇಡೀ ಆಲ್ಪ್ಸ್‌ನಲ್ಲಿರುವುದೆಲ್ಲ ಆ ಬೆರಳೆಣಿಕೆಯ ಮೇಕೆಗಳ ವಂಶವೇ ಆದ್ದರಿಂದ ಅವುಗಳಲ್ಲಿ ಆನುವಂಶಿಕ ವೈವಿಧ್ಯ ತೀರ ಕಡಿಮೆ ಎಂದು ವಿಜ್ಞಾನಿಗಳಿಗೆ ಚಿಂತೆ.

ಸಂಖ್ಯೆ ಬೆಳೆದಂತೆ 1977ರಿಂದ ಕಟ್ಟುನಿಟ್ಟಾದ ಯೋಜನೆಯಡಿ ಶರತ್ಕಾಲದಲ್ಲಿ ಕೆಲವನ್ನು ಹೊಡೆಯುವುದು ಆರಂಭವಾಯಿತು. ಗ್ರಾವ್‌ಬುಂಡನ್ನಿನಲ್ಲಿ ಸ್ಥಳೀಯ ಬೇಟೆಗಾರನೂ ಇದಕ್ಕೆ ವರ್ಷಗಟ್ಟಲೆ ಕಾಯಬೇಕು. ಸರದಿ ಬಂದಾಗಲೂ ಮೊದಲು ಹೆಣ್ಣು ಮೇಕೆ, ಆಮೇಲೆ ಗಂಡು. ಕೊಂಬಿನ ಆಸೆಗೆ ಗಂಡುಗಳನ್ನೇ ಹೊಡೆದರೆ ಹಿಂಡಿನ ಸಮತೋಲ ಕೆಡುತ್ತದೆಂಬ ಕಾರಣಕ್ಕೆ ಈ ಕಟ್ಟಳೆ. ಆದರೆ ಪಶ್ಚಿಮದ ವಾಲೇ ಕ್ಯಾಂಟನ್ ಬೇರೊಂದು ದಾರಿ ಹಿಡಿದಿತ್ತು. ವಯಸ್ಸಾದ ಗಂಡು ಮೇಕೆಗಳಲ್ಲಿ ಕೆಲವನ್ನು ಹೊರದೇಶದ ಶ್ರೀಮಂತ ಬೇಟೆಗಾರರಿಗೆ ಬಿಡುತ್ತಿತ್ತು. ಜೊತೆಗೆ ಸರ್ಕಾರಿ ಕಾವಲುಗಾರ, ಕೊಂಬು ಉದ್ದವಾದಷ್ಟೂ ಹೆಚ್ಚು ಫ್ರಾಂಕು. ಬಂದ ಹಣ ಕ್ಯಾಂಟನ್ನಿನ ಬೊಕ್ಕಸಕ್ಕೆ.

ಇದರಲ್ಲಿ ಕಾಯಿದೆಯ ಉಲ್ಲಂಘನೆ ಇರಲಿಲ್ಲ. ಹೇಗೂ ಯೋಜನೆಯ ಪ್ರಕಾರ ಹೊಡೆಯಬೇಕಾದ ಮುದಿ ಮೇಕೆ, ಹಣ ಬಂದರೆ ತಪ್ಪೇನು ಎಂದು ಕೇಳುವವರಿದ್ದರು. 2019ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷೆಯ ಸಾರ್ವಜನಿಕ ದೂರದರ್ಶನ ಈ ಬೇಟೆಯನ್ನು ಕುರಿತ ವರದಿಯನ್ನು ಪ್ರಸಾರ ಮಾಡಿತು. ದೇಶದಲ್ಲಿ ಗದ್ದಲವೆದ್ದಿತು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು. 2021ರಿಂದ ವಾಲೇ ಕ್ಯಾಂಟನ್ ವಿದೇಶೀಯರಿಗೆ ಕಾಡುಮೇಕೆಯನ್ನು ಮಾರುವುದನ್ನು ನಿಲ್ಲಿಸಿತು. ಕಾಡುಮೇಕೆಯ ಬೇಟೆ ನಿಲ್ಲಲಿಲ್ಲ, ಅದನ್ನು ಗಮನಿಸಿ. ನಿಂತದ್ದು ಮಾರಾಟ. ಕೊಲ್ಲುವುದನ್ನು ಒಪ್ಪಿಕೊಂಡಿದ್ದ ಅದೇ ಜನ ಬೆಲೆಪಟ್ಟಿಯನ್ನು ಒಪ್ಪಲಿಲ್ಲ. ದರ ಕೊಟ್ಟು ಬಂದವನಿಗೆ ಲೆಕ್ಕದ ಹೊಣೆಯಿಲ್ಲ, ಹುಲ್ಲುಗಾವಲಿನ ಬೆವರಿಲ್ಲ, ತಪ್ಪಿದರೆ ಊರಿನವರ ಎದುರು ತಲೆತಗ್ಗಿಸಿ ನಿಲ್ಲುವ ಪ್ರಸಂಗವೂ ಇಲ್ಲ. ಅವರ ಸಿಟ್ಟಿನ ಮೂಲ ಅಲ್ಲಿತ್ತೆಂದು ನನಗನ್ನಿಸುತ್ತದೆ. ಪರದೇಶದಿಂದ ಕದ್ದು ತಂದ ಮೇಕೆಯನ್ನು ಪರದೇಶಿಗೆ ಮಾರಿದರು ಎಂಬ ವಿನೋದ ಬೇರೆ! ಇಷ್ಟಾದರೂ ಒಂದು ಮಾತು. ಕ್ಯಾಮೆರಾ ತೋರಿಸಿದ್ದನ್ನು ಕಂಡು ಜನ ಕೋಪಗೊಳ್ಳುವುದು ಸುಲಭ. ವಸಂತದ ರಾತ್ರಿಯಲ್ಲಿ ಜಿಂಕೆ ಎಣಿಸುವವನನ್ನು ಯಾವ ವಾಹಿನಿಯೂ ಅಷ್ಟಾಗಿ ತೋರಿಸುವುದಿಲ್ಲ. ಈ ಆಕ್ಷೇಪಣೆಗೆ ನಾನೂ ಹೊರತಲ್ಲ.

ಇನ್ನು ಮೀನು. ನಿಮ್ಮಲ್ಲಿ ಯಾರಾದರೂ ಮುಂದೆ ಅಲ್ಲಿಗೆ ಓದಲೋ ಕೆಲಸಕ್ಕೋ ಹೋದರೆ ಬಂದೂಕಿನ ಗೊಡವೆ ನಿಮಗೆ ಬಾರದು, ಗಾಳದ ಆಸೆ ಬಂದೀತು. ಗಾಳ ಹಾಕುವುದು ಪರದೇಶಿಗೆ ಬಹಳ ಸುಲಭ. ಪ್ರವಾಸಿ ಕಚೇರಿಯಲ್ಲೋ ಗಾಳದ ಸಾಮಾನಿನ ಅಂಗಡಿಯಲ್ಲೋ ಹಣ ಕಟ್ಟಿದರೆ ಒಂದು ದಿನದ, ಒಂದು ವಾರದ ಚೀಟಿ ಸಿಗುತ್ತದೆ. ಜ್ಯೂರಿಕ್ ಸರೋವರದಂಥ ಕೆಲವು ಸರೋವರಗಳಲ್ಲಿ ದಡದಲ್ಲಿ ನಿಂತು ಸರಳವಾದ ಗಾಳ ಹಾಕುವುದಕ್ಕೆ ಚೀಟಿಯೂ ಬೇಡ. ಆದರೆ 2009ರಿಂದ ಒಂದು ತಿಂಗಳು ಮೀರಿದ ಪರವಾನಗಿ ಬೇಕೆಂದರೆ ಮೀನಿನ ವಿಚಾರದಲ್ಲಿ ತಿಳಿವಳಿಕೆ ಇದೆಯೆಂಬ ಪ್ರಮಾಣಪತ್ರ ಬೇಕು. ಪಾಠ ಕೇಳಿ, ಪರೀಕ್ಷೆ ಬರೆದು ಪಡೆಯುವಂಥದ್ದು. ಅಲ್ಪಾವಧಿಯ ಚೀಟಿಯವರಿಗೆ ಮಾಹಿತಿ ಹಾಳೆಯೊಂದನ್ನು ಕೊಡುತ್ತಾರೆ. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದವನು ಒಳ್ಳೆಯ ಮನಸ್ಸಿನಿಂದಲೇ ಅಪರಾಧಿಯಾಗಬಹುದು. ಹೇಗೆಂದು ಹೇಳುತ್ತೇನೆ.

ನಮ್ಮ ಕಾವೇರಿ ನದಿಯ ಭೀಮೇಶ್ವರಿಯಲ್ಲಿ ಹಿಂದೆ ಗಾಳದ ಶಿಬಿರಗಳಿದ್ದುದನ್ನು ನಿಮ್ಮ ಹಿರಿಯರು ಬಲ್ಲರು. ದೇಶವಿದೇಶಗಳಿಂದ ಬಂದವರು ಮಹಶೀರ್ ಮೀನನ್ನು ಗಂಟೆಗಟ್ಟಲೆ ಸೆಣಸಿ ಹಿಡಿದು, ತೂಕ ನೋಡಿ, ಫೋಟೋ ತೆಗೆಸಿಕೊಂಡು ಮರಳಿ ನೀರಿಗೆ ಬಿಡುತ್ತಿದ್ದರು. ಬಿಡುವುದು ಅಲ್ಲಿಯ ಕಟ್ಟುಪಾಡು. ಮೀನನ್ನು ಉಳಿಸುವ ದಾರಿ ಅದೆಂದೇ ಆ ಶಿಬಿರಗಳ ವಾದವಾಗಿತ್ತು. ಇದೇ ಕೆಲಸವನ್ನು ಸ್ವಿಟ್ಜರ್ಲೆಂಡಿನ ಹೊಳೆಯಲ್ಲಿ ಮಾಡಿ ನೋಡಿ, ಕಾಯಿದೆ ನಿಮ್ಮನ್ನು ಹಿಡಿಯುತ್ತದೆ. ಮೀನನ್ನು ಮತ್ತೆ ಬಿಟ್ಟುಬಿಡುವ ಉದ್ದೇಶದಿಂದಲೇ ಗಾಳ ಹಾಕುವುದು ಅಲ್ಲಿ ನಿಷಿದ್ಧ. 2008ರ ಪ್ರಾಣಿ ಸಂರಕ್ಷಣಾ ನಿಯಮಗಳಲ್ಲಿ ಇದು ಸೇರಿದೆ.

ಕಾರಣ ಕೇಳಿ. ಮೀನು ಹಿಡಿಯುವುದು ಊಟಕ್ಕೆಂದಾದರೆ ಅದು ಪಡುವ ಪಾಡಿಗೆ ಒಂದು ಅರ್ಥವಿದೆ. ನಿನ್ನ ಮೋಜಿಗೆ, ನಿನ್ನ ಫೋಟೋಕ್ಕೆ ಅದರ ಬಾಯಿಗೆ ಕೊಕ್ಕೆ ಚುಚ್ಚಿ, ನೀರಿನಿಂದ ಎತ್ತಿ, ಉಸಿರುಗಟ್ಟಿಸುವುದಕ್ಕೆ ಸಮರ್ಥನೆ ಎಲ್ಲಿದೆ ಎಂದು ಕಾಯಿದೆ ಕೇಳುತ್ತದೆ. 1992ರಲ್ಲಿ ಸ್ವಿಸ್ ಮತದಾರರು ತಮ್ಮ ಸಂವಿಧಾನದಲ್ಲಿ ಜೀವಿಗಳ ಘನತೆ ಎಂಬ ಮಾತನ್ನು ಸೇರಿಸಿದರು. ಜೀವತಂತ್ರಜ್ಞಾನದ ಸಂದರ್ಭದಲ್ಲಿ ಬಂದ ಮಾತು ಅದು. ಆಮೇಲೆ ಪ್ರಾಣಿ ಸಂರಕ್ಷಣೆಯ ಕಾಯಿದೆಯೂ ಅದನ್ನು ಕೈಗೆತ್ತಿಕೊಂಡಿತು. ಮೀನಿಗೆ ನೋವಾಗುತ್ತದೆಯೆ? 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ಹಾನಿಯನ್ನು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿದರು. ಕೆರಳಿಸುವ ದ್ರವವನ್ನು ತುಟಿಗೆ ಚುಚ್ಚಿದಾಗ ಆ ಮೀನುಗಳು ಆಹಾರ ಬಿಟ್ಟವು, ತುಟಿಯನ್ನು ತೊಟ್ಟಿಯ ಗೋಡೆಗೆ ಉಜ್ಜಿದವು. ನಮಗಾಗುವಂಥ ನೋವಿನ ಅನುಭವವೇ ಅದೆಂದು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಸ್ವಿಸ್ ಕಾಯಿದೆ ಮಾತ್ರ ಸಂಶಯದ ಲಾಭವನ್ನು ಮೀನಿಗೆ ಕೊಟ್ಟಿದೆ.

ಹಾಗಾದರೆ ಚಿಕ್ಕ ಮೀನು ಸಿಕ್ಕರೆ? ಹೊಳೆಯ ಕಂದು ಟ್ರೌಟ್ 22 ಸೆಂಟಿಮೀಟರಿಗಿಂತ ಕಿರಿದಾಗಿದ್ದರೆ ಇಟ್ಟುಕೊಳ್ಳುವಂತಿಲ್ಲ. ಅನೇಕ ಕ್ಯಾಂಟನ್‌ಗಳಲ್ಲಿ ಈ ಅಳತೆ ಇನ್ನೂ ಹೆಚ್ಚು. ಒಮ್ಮೆಯಾದರೂ ಮೊಟ್ಟೆಯಿಡುವ ಅವಕಾಶ ಅದಕ್ಕೆ ಸಿಗಲಿ ಎಂಬುದು ಲೆಕ್ಕಾಚಾರ. ಅಂಥ ಮೀನನ್ನು ಒದ್ದೆ ಕೈಯಿಂದ ಹಿಡಿದು ಕೂಡಲೆ ನೀರಿಗೆ ಬಿಡಬೇಕು. ಒಣ ಕೈ ತಾಕಿದರೆ ಮೈಮೇಲಿನ ಲೋಳೆಯ ಪದರ ಕಳಚುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ. ಅಳತೆಗೆ ಬಂದ, ಇಟ್ಟುಕೊಳ್ಳಬಹುದಾದ ಮೀನನ್ನಾದರೋ ತಲೆಗೊಂದು ಪೆಟ್ಟು ಕೊಟ್ಟು ಪ್ರಜ್ಞೆ ತಪ್ಪಿಸಿ ತಕ್ಷಣ ಕೊಲ್ಲಬೇಕು. ಬುಟ್ಟಿಯಲ್ಲಿ ಒದ್ದಾಡಿ ಸಾಯಲು ಬಿಡುವಂತಿಲ್ಲ. ಹಿಡಿಯಬಾರದ್ದನ್ನು ಬಿಡಲೇಬೇಕು, ಹಿಡಿಯಬಹುದಾದ್ದನ್ನು ಹಿಡಿದ ಮೇಲೆ ಆಟವಾಡಬಾರದು. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳೊಂದು ಇರುತ್ತದಲ್ಲ, ಕಚ್ಚಿದ ಮೀನು ಜಾರದ ಹಾಗೆ, ಅದೂ ಸಾಮಾನ್ಯವಾಗಿ ಸಲ್ಲದು. ನಮ್ಮ ಊರಿನ ಕೆರೆಯಲ್ಲಿ ಜೀವಂತ ಪುಟ್ಟ ಮೀನನ್ನು ಗಾಳಕ್ಕೆ ಸಿಕ್ಕಿಸಿ ದೊಡ್ಡ ಮೀನು ಹಿಡಿಯುವವರನ್ನು ನೀವು ನೋಡಿರಬಹುದು. ಅಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅದಕ್ಕೂ ನಿಷೇಧ.

ಕಾವೇರಿಯ ಪದ್ಧತಿ ಸರಿಯೋ, ಆಲ್ಪ್ಸ್‌ನ ಪದ್ಧತಿ ಸರಿಯೋ? ನಾನು ತೀರ್ಪು ಹೇಳಲಾರೆ. ಒಬ್ಬರು ಮೀನಿನ ಕುಲವನ್ನು ನೋಡುತ್ತಿದ್ದಾರೆ, ಇನ್ನೊಬ್ಬರು ಕೈಯಲ್ಲಿರುವ ಒಂದು ಮೀನನ್ನು. ಕಾವೇರಿಯ ಆ ಶಿಬಿರಗಳೂ ನಿಂತುಹೋಗಿವೆ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಪ್ರಶ್ನೆ ಅಲ್ಲಿಯೂ ಬಂತು. ಅಲ್ಲಿಯ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದ ಮೀನುಗಳ ಪಟ್ಟಿಯಲ್ಲಿದೆ. ತರಗತಿಯಲ್ಲಿ ಒಂದು ಗಂಟೆ ವಾದ ಮಾಡುವುದಕ್ಕೆ ಯೋಗ್ಯವಾದ ವಿಷಯ, ನಿಮ್ಮ ಮೇಷ್ಟರನ್ನು ಕೇಳಿ ನೋಡಿ.

ಮೀನಿನ ವಿಚಾರದಲ್ಲಿ ಪರದೇಶಿ ಎಂಬ ಮಾತಿಗೆ ಅರ್ಥವೇ ಸಡಿಲವಾಗುವ ಒಂದು ಜಾಗವಿದೆ. ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾ ಮೂರೂ ದೇಶಗಳ ನಡುವೆ ಇರುವ ಕಾನ್‌ಸ್ಟಾನ್ಸ್ ಸರೋವರ. ಅದರ ದೊಡ್ಡ ಭಾಗದ ನಡುನೀರಿನಲ್ಲಿ ಗಡಿರೇಖೆ ಎಲ್ಲಿದೆ ಎಂಬುದನ್ನು ಮೂರು ದೇಶಗಳೂ ಸೇರಿ ತೀರ್ಮಾನಿಸಿಯೇ ಇಲ್ಲ. ಹೀಗಿದ್ದೂ 1893ರಲ್ಲೇ ಬ್ರೆಗೆಂಟ್ಸ್ ಪಟ್ಟಣದಲ್ಲಿ ಮೀನುಗಾರಿಕೆಯ ಒಪ್ಪಂದ ಮಾಡಿಕೊಂಡರು. ಬಲೆಯ ಕಣ್ಣು ಎಷ್ಟಗಲ ಇರಬೇಕು, ಯಾವ ಮೀನನ್ನು ಯಾವಾಗ ಹಿಡಿಯಬಾರದು ಎಂಬುದು ಮೂರು ದಡಗಳಿಗೂ ಒಂದೇ. ಆ ಸರೋವರದ ಫೆಲ್ಶನ್ ಎಂಬ ಬಿಳಿಮೀನು ಅಲ್ಲಿಯ ಬೆಸ್ತರ ಜೀವಾಳ. ಅದು ತೀರ ಕಡಿಮೆಯಾದಾಗ 2024ರಿಂದ ಮೂರು ವರ್ಷ ಅದನ್ನು ಹಿಡಿಯಬಾರದೆಂದು ಮೂರು ದೇಶಗಳೂ ಸೇರಿ ಗೊತ್ತುಮಾಡಿದವು. ಅದು ಕಡಿಮೆಯಾದುದಕ್ಕೆ ಹೊರಗಿನಿಂದ ಬಂದ ಕ್ವಾಗ್ಗ ಎಂಬ ಚಿಪ್ಪಿಜೀವಿಯನ್ನೂ ದೂರುತ್ತಾರೆ, ಮೀನು ತಿನ್ನುವ ನೀರುಕಾಗೆಗಳನ್ನೂ ದೂರುತ್ತಾರೆ. ತಲೆಮಾರುಗಳಿಂದ ಬಲೆ ಬೀಸಿದ ಸ್ಥಳೀಯ ಬೆಸ್ತನಿಗೂ, ರಜೆಗೆಂದು ಬಂದ ಪ್ರವಾಸಿಗೂ ಆ ಮೀನಿನ ಮಟ್ಟಿಗೆ ನಿಯಮ ಒಂದೇ ಆಯಿತು.

ಕೊನೆಯದಾಗಿ ಆ ದಿನದ ಚೀಟಿಯ ಒಂದು ಸಂಗತಿ. ಅನೇಕ ಕ್ಯಾಂಟನ್‌ಗಳಲ್ಲಿ ಪರವಾನಗಿಯ ಜೊತೆಗೆ ಲೆಕ್ಕದ ಹಾಳೆಯೊಂದು ಸೇರಿರುತ್ತದೆ. ಮೀನು ಇಟ್ಟುಕೊಂಡೊಡನೆ ಅದರ ಜಾತಿ, ಉದ್ದ, ಹಿಡಿದ ಜಾಗ, ತಾರೀಖು ಬರೆಯಬೇಕು. ಅಳಿಸಿ ತಿದ್ದಲಾಗದಂತೆ ಬರೆಯಬೇಕು. ಅವಧಿ ಮುಗಿದ ಮೇಲೆ ಹಾಳೆಯನ್ನು ಕಚೇರಿಗೆ ಹಿಂದಿರುಗಿಸಬೇಕು. ಒಂದು ಮೀನೂ ಸಿಗದಿದ್ದರೂ ಬಿಡುವಂತಿಲ್ಲ. ಇಡೀ ದಿನ ಚಳಿಯಲ್ಲಿ ನಡುಗುತ್ತಾ ನಿಂತು, ಬರಿಗೈಯಲ್ಲಿ ತನ್ನ ದೇಶಕ್ಕೆ ವಿಮಾನ ಹತ್ತುವ ಪರದೇಶಿ ಆ ಮುನ್ನ ಹಾಳೆಯಲ್ಲಿ ಒಂದು ಸೊನ್ನೆ ಬರೆದು ಅಂಚೆ ಪೆಟ್ಟಿಗೆಗೆ ಹಾಕುತ್ತಾನೆ. ಆ ಸೊನ್ನೆಯನ್ನು ಕಚೇರಿಯಲ್ಲಿ ಕೂಡಿಸಿಕೊಳ್ಳುತ್ತಾರೆ.